ಬಂಗಾರಪೇಟೆಯಲ್ಲಿ ಇಳಿದು ಬನ್ನಿ

ಹುಣ್ಣಿಮೆಯ ನಾಟಕಕ್ಕೆಂದು ಕೋಲಾರದ ತೇರಹಳ್ಳಿ ಬೆಟ್ಟ ಹತ್ತುವ ಬೆಂಗಳೂರಿನ ಗೆಳೆಯರೇ,

ಕೋಟಿಗಾನಹಳ್ಳಿ ರಾಮಯ್ಯನವರು ಸಂಗಾತಿಗಳೊಡನೆ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ನಮ್ಮ ಕಡೆಯವರಿಗೆ ತಿಂಗಳ ಹಬ್ಬ. ಅದಕ್ಕೆ ಅಷ್ಟು ದೂರದಿಂದ ನೀವೂ ಬರುತ್ತೀರೆಂಬುದು ನನಗೆ ಸಂತೋಷ. ಹೊರಡುವ ಮುಂಚೆ ಫೋನು ಮಾಡಿ, ‘ಊಟಕ್ಕೆ ಎಲ್ಲಿ ನಿಲ್ಲಿಸೋಣ?’ ಎಂದು ಕೇಳುತ್ತೀರಿ. ಕೇಳಬೇಕಾದ ಮಾತೇ ಅದು. ಹಸಿದವರಿಗೆ ಎರಡನೇ ದೃಶ್ಯ ಕಾಣುವುದಿಲ್ಲ, ಹೊಟ್ಟೆಬಿರಿಯ ಉಂಡವರಿಗೆ ಮೂರನೆಯದು ಕಾಣುವುದಿಲ್ಲ.

ಹೆದ್ದಾರಿಯ ಹೋಟೆಲುಗಳಲ್ಲಿ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಒಮ್ಮೆ ನಾನೂ ಗೆಳೆಯರ ಕಾರಿನಲ್ಲಿ ಬರುತ್ತಾ ಅಂಥದೊಂದು ದೊಡ್ಡ ಹೋಟೆಲಿಗೆ ಹೋಗಿದ್ದೆ. ದೋಸೆಗೆ ಮುಕ್ಕಾಲು ಗಂಟೆ ಕಾದೆವು. ಬೆಟ್ಟ ಹತ್ತುವಷ್ಟರಲ್ಲಿ ನಾಟಕ ಶುರುವಾಗಿತ್ತು. ಕತ್ತಲಲ್ಲಿ ಜನರ ಕಾಲು ತುಳಿಯುತ್ತಾ ಜಾಗ ಹುಡುಕಿದ್ದು ಇವತ್ತಿಗೂ ನೋಯುತ್ತದೆ. ಆದರೆ ತಡವಾದದ್ದಕ್ಕಿಂತ ದೊಡ್ಡ ನಷ್ಟ ಬೇರೆಯದು: ಅಷ್ಟು ಹೊತ್ತು ಕೂತಿದ್ದರೂ ಈ ಸೀಮೆಯ ಒಬ್ಬರ ಮಾತೂ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಅದಕ್ಕೇ ಕಾರು ಬಿಟ್ಟು ಮಾರಿಕುಪ್ಪಂ ರೈಲು ಹಿಡಿಯಿರಿ. ಬೆಳಿಗ್ಗೆಯೇ ಹೊರಡಲು ಆದರೆ ಕೆಜಿಎಫ್‌ವರೆಗೂ ಬನ್ನಿ. 1902ರಲ್ಲಿ, ಬೆಂಗಳೂರಿನ ಬೀದಿಗಿಂತ ಮೊದಲೇ, ಶಿವನಸಮುದ್ರದ ವಿದ್ಯುತ್ತು ತಲುಪಿದ ಊರಿದು. 2001ರ ಫೆಬ್ರುವರಿ 28ಕ್ಕೆ ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಇಲ್ಲಿನ ಸಾವಿರಾರು ಜನ ನಸುಕಿಗೇ ಎದ್ದು, ಡಬ್ಬಿ ಕಟ್ಟಿಕೊಂಡು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನೀವು ಇಳಿಯುವ ರೈಲೇ ಅವರು ಹತ್ತುವ ರೈಲು. ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳನ್ನು ನೋಡಿ, ರಾಬರ್ಟ್‌ಸನ್‌ಪೇಟೆಯ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮಾಡಿ. ಒಂದೇ ಬೆಂಚಿನಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಕೇಳಿಸುತ್ತವೆ. ಸಾರು ಬಡಿಸುವವರು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾರೆ. ಮುದ್ದೆ ಸಿಕ್ಕರೆ ಮಧ್ಯಾಹ್ನವೇ ಉಣ್ಣಿ. ನಾಟಕದ ಹೊತ್ತಿಗೆ ಅರಗಿರುತ್ತದೆ.

ಅಷ್ಟು ಬಿಡುವಿಲ್ಲದವರು ಬಂಗಾರಪೇಟೆಯಲ್ಲಿ ಇಳಿಯಿರಿ. ಒಂದು ಕಾಲಕ್ಕೆ ಇದು ಮೈಸೂರಿನ ಬ್ರಿಟಿಷ್ ಕಮಿಷನರ್ ಬೌರಿಂಗರ ಹೆಸರಿನ ಬೌರಿಂಗ್‌ಪೇಟೆ. ಇವತ್ತು ಬೆಂಗಳೂರಿನ ಗಲ್ಲಿಗಲ್ಲಿಯ ಬೋರ್ಡುಗಳಲ್ಲಿ ಈ ಊರಿನ ಹೆಸರಿದ್ದರೆ ಅದು ಪಾನಿಪುರಿಯ ದೆಸೆಯಿಂದ. ಬೇರೆಡೆಯ ಪಾನಿ ಹಸಿರೋ ಕಂದೋ ಇರುತ್ತದೆ. ಇಲ್ಲಿನದು ಬಾವಿಯಿಂದ ಈಗ ಸೇದಿದಂತೆ ತಿಳಿ. ಬಣ್ಣವಿಲ್ಲವೆಂದು ನಂಬಿ ಕುಡಿದವರಿಗೆ ಗಂಟಲಿಗೆ ಇಳಿದ ಮೇಲೆ ಖಾರ ಗೊತ್ತಾಗುತ್ತದೆ. ಬರಿಗೈಯಲ್ಲಿ ಬೆಟ್ಟ ಕಟ್ಟಿ ತೋರಿಸುವ ನಟನ ಹಾಗೆ, ಏನೂ ಇಲ್ಲವೆನ್ನಿಸಿ ಎಲ್ಲವನ್ನೂ ಕೊಡುವ ನೀರು ಅದು.

ಪಾನಿಪುರಿ ಗಾಡಿಯ ಸುತ್ತ ಯಾರು ನಿಂತಿರುತ್ತಾರೆ ನೋಡಿ. ಕಾಲೇಜು ಹುಡುಗಿಯರು, ಸಂತೆ ಮುಗಿಸಿದ ರೈತ, ಡ್ಯೂಟಿ ಇಳಿದು ಬಂದವರು, ಮಗುವನ್ನು ಎತ್ತಿಕೊಂಡ ಅಜ್ಜಿ. ಕುರ್ಚಿಯಿಲ್ಲ, ಮೊದಲ ಸಾಲು ಕೊನೆಯ ಸಾಲು ಎಂಬುದಿಲ್ಲ. ಬೆಟ್ಟದ ಮೇಲೆ ಬಯಲಲ್ಲಿ ನಾಟಕ ನೋಡಲು ಕೂರುವುದೂ ಹೀಗೆಯೇ. ನಾಟಕಕ್ಕೆ ಮುನ್ನ ಎಲ್ಲಿ ತಿನ್ನುತ್ತೇವೆ ಎಂಬ ಆಯ್ಕೆಯಲ್ಲಿ ಯಾರ ಪಕ್ಕ ನಿಲ್ಲುತ್ತೇವೆ ಎಂಬುದೂ ಸೇರಿದೆ ಎಂದು ನಾನು ನಂಬಿರುವುದು ಈ ಕಾರಣಕ್ಕೆ. ದುಡಿಯುವವರ ಹಸಿವು, ಅವಮಾನ, ನಗು ರಂಗದ ಮೇಲೆ ಬಂದಾಗ, ಸಂಜೆ ಅವರ ಜೊತೆ ತಟ್ಟೆ ಹಿಡಿದು ನಿಂತಿದ್ದವರಿಗೆ ಅದು ಬೇರೆಯದೇ ರೀತಿಯಲ್ಲಿ ತಾಗುತ್ತದೆ.

ಪಾನಿಪುರಿಯಿಂದ ರಾತ್ರಿ ಕಳೆಯುವುದಿಲ್ಲ, ನಿಜ. ನಮ್ಮ ಹಿರಿಯರು ಬಯಲಾಟಕ್ಕೆ ಹೊತ್ತು ಮುಳುಗುವ ಮುಂಚೆ ಉಂಡು, ಚಾಪೆಯ ಜೊತೆ ಬುತ್ತಿಯನ್ನೂ ಹಿಡಿದು ಹೋಗುತ್ತಿದ್ದರು. ನೀವೂ ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಕೊಳ್ಳಿ. ಬೆಟ್ಟದ ಗಾಳಿಗೆ ಒಂದು ಹೊದಿಕೆಯೂ ಇರಲಿ. ಬಂಗಾರಪೇಟೆಯಿಂದ ಕೋಲಾರಕ್ಕೆ ಬಸ್ಸು, ಅಲ್ಲಿಂದ ಬೆಟ್ಟಕ್ಕೆ ಆಟೋ. ಬೆಳಕಿರುವಾಗಲೇ ಮೇಲೆ ಬಂದುಬಿಡಿ.

ಬುತ್ತಿಯನ್ನು ಮಾತ್ರ ಒಬ್ಬರಿಗಾಗುವುದಕ್ಕಿಂತ ಒಂದು ಹಿಡಿ ಹೆಚ್ಚು ಕಟ್ಟಿ. ಪಕ್ಕದಲ್ಲಿ ಕೂತವರು ಉಣ್ಣದೆ ಬಂದಿರಬಹುದು.

ಇಂತಿ,
ಕೆಜಿಎಫ್‌ನ ಒಬ್ಬ ಪ್ರೇಕ್ಷಕಿ