ಎಂಟು ಎಂಬಿ ಸರಕಿಗೆ ಎಂಟಂಕಣದ ಮನೆ

ಕೆಪಿಎಸ್‌ಸಿ ಅಧಿಸೂಚನೆ ಹೊರಡಿಸಿದ ಮರುದಿನವೇ ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಪಿಡಿಎಫ್ ಉದ್ಯಮಿಗಳು ಅವತರಿಸುತ್ತಾರೆ. ಸರಕು: ‘ಭಾರತದ ಸಂವಿಧಾನ, ಸಂಪೂರ್ಣ ನೋಟ್ಸ್’. ತೂಕ 8 ಎಂಬಿ, ಬೆಲೆ 199 ರೂಪಾಯಿ. ನೋಟ್ಸ್ ಬರೆಯಲು ಒಂದು ವಾರ ಧಾರಾಳ. ಸರ್ವರ್ ಆರಿಸುವುದಕ್ಕೆ ಮಾತ್ರ ಮೂರು ತಿಂಗಳೂ ಸಾಲದು. ಶೇರ್ಡ್ ತಗೊಳ್ಳೋದಾ, ಡೆಡಿಕೇಟೆಡ್ ತಗೊಳ್ಳೋದಾ?

ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರ. ಒಂದೇ ಯಂತ್ರದಲ್ಲಿ ನೂರಾರು ಸಂಸಾರ, ಎಲ್ಲರಿಗೂ ಒಂದೇ ಐಪಿ ವಿಳಾಸ. ಪಕ್ಕದವನು ಲಾಟರಿ ಮೇಲ್ ಕಳಿಸಿ ಕಪ್ಪುಪಟ್ಟಿ ಸೇರಿದರೆ ನಿಮ್ಮ ಡೌನ್‌ಲೋಡ್ ಲಿಂಕೂ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಜಾಹೀರಾತಿನಲ್ಲಿ ಎಲ್ಲವೂ ಅನ್‌ಲಿಮಿಟೆಡ್. ಸಣ್ಣಕ್ಷರದ ಕರಾರಿನಲ್ಲಿ ಸಿಪಿಯು ಇಷ್ಟೇ, ಏಕಕಾಲಕ್ಕೆ ಪ್ರೊಸೆಸ್ ಇಷ್ಟೇ, ಇಡಬಹುದಾದ ಫೈಲುಗಳ ಸಂಖ್ಯೆ ಇಷ್ಟೇ. ಬಾಡಿಗೆ ಅಗ್ಗ, ಆದರೆ ಮೂರು ವರ್ಷದ್ದು ಮುಂಗಡ. ರಿನ್ಯೂವಲ್ ಬಿಲ್ ಬಂದಾಗಲೇ ಮಾಲೀಕರ ನಿಜವಾದ ಮುಖದರ್ಶನ.

ಪರೀಕ್ಷೆಯ ಹಿಂದಿನ ವಾರ ಉದ್ಯಮಿ ‘ಇಂದು ರಾತ್ರಿ ಮಾತ್ರ 99’ ಎಂದು ಘೋಷಿಸುತ್ತಾರೆ. ಲೆಕ್ಕ ಹಾಕಿ: ಸಾವಿರ ಜನ ಇಳಿಸಿಕೊಂಡರೂ 8 ಜಿಬಿ, ಮನೆಯ ವೈಫೈಯಲ್ಲಿ ಮಕ್ಕಳು ಭಾನುವಾರ ಸಿನಿಮಾ ನೋಡಿ ಮುಗಿಸುವಷ್ಟು. ಬಾಗಿಲು ಮುರಿಯುವುದು ಪಿಡಿಎಫ್ ಭಾರಕ್ಕಲ್ಲ, ಚೆಕ್‌ಔಟ್ ಪುಟದ ನೂಕುನುಗ್ಗಲಿಗೆ. ಮುಖಪುಟವನ್ನು ಕ್ಯಾಶ್ ಮಾಡಿಟ್ಟು ಎಲ್ಲರಿಗೂ ಅದನ್ನೇ ತೋರಿಸಬಹುದು. ಚೆಕ್‌ಔಟನ್ನು ಒಬ್ಬೊಬ್ಬರಿಗೂ ಹೊಸದಾಗಿ ಕಟ್ಟಿಕೊಡಬೇಕು. ಅದರ ಮೇಲೆ ಉದ್ಯಮಿ ಆಸೆಪಟ್ಟು ಹೇರಿದ ಪ್ಲಗಿನ್‌ಗಳು: ಕೆಳಗಿಳಿಯುವ ಗಡಿಯಾರ, ತಿರುಗುವ ಚಕ್ರ, ಹಾರುವ ಬಲೂನು. ಕರಾರಿನ ಮಿತಿ ಮೀರಿತೆಂದು ಪರದೆಯ ಮೇಲೆ ‘508’ ಪ್ರತ್ಯಕ್ಷ. ಆ ಹೊತ್ತಿಗೆ ಪೇಮೆಂಟ್ ಗೇಟ್‌ವೇ ಬಂದು ‘ದುಡ್ಡು ಸಂದಿದೆ’ ಎಂದು ಕದ ತಟ್ಟಿದರೆ ಒಳಗಿನಿಂದ ಯಾರೂ ಓಗೊಡುವುದಿಲ್ಲ. ವಾಟ್ಸಾಪ್‌ನಲ್ಲಿ ಸಾಲುಸಾಲು: ‘ಸರ್, ಅಮೌಂಟ್ ಕಟ್ ಆಗಿದೆ, ಪಿಡಿಎಫ್ ಬಂದಿಲ್ಲ.’ ‘ಸರ್, ನೀವು ಫ್ರಾಡಾ?’

ಅವಮಾನಗೊಂಡ ಉದ್ಯಮಿ ಪ್ಲಗಿನ್ ಕೀಳುವುದಿಲ್ಲ, ಡೆಡಿಕೇಟೆಡ್ ಸರ್ವರ್ ಹಿಡಿಯುತ್ತಾರೆ. ತಿಂಗಳಿಗೆ ಸಾವಿರಗಟ್ಟಲೆ ಬಾಡಿಗೆ, ಇಡೀ ಯಂತ್ರ ಅವರೊಬ್ಬರದೇ. ಹದಿನಾರು ಕೋರುಗಳು ಬೆಳಗಿನಿಂದ ಸಂಜೆವರೆಗೆ ಒಂದು ಪಿಡಿಎಫನ್ನು ಕಾಯುತ್ತ ಕೂರುತ್ತವೆ. ಬೀಗ ಹಾಕುವುದು, ಸೆಕ್ಯುರಿಟಿ ಅಪ್‌ಡೇಟ್, ಬ್ಯಾಕಪ್, ಎಲ್ಲವೂ ಈಗ ಯಜಮಾನರ ಹೊಣೆ. ಸಂವಿಧಾನದ ವಿಧಿಗಳೆಲ್ಲ ಬಾಯಿಪಾಠ. ಲಿನಕ್ಸ್‌ನ ಕಪ್ಪು ಪರದೆ ಎದುರು ಮಾತೇ ಹೊರಡದು. ಸ್ವಂತ ಯಂತ್ರ ಅಂದಮೇಲೆ ಭಯವಿಲ್ಲ ಎಂದುಕೊಂಡವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲೂ ಇದ್ದರು. 2021ರ ಮಾರ್ಚ್ 10ರಂದು ಅಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬೇರೆಡೆ ಬ್ಯಾಕಪ್ ಇಟ್ಟಿರದವರ ಡೆಡಿಕೇಟೆಡ್ ಯಂತ್ರದ ಜೊತೆ ಡೇಟಾವೂ ಬೂದಿ. ಬೆಂಕಿ ಪ್ಲಾನ್ ಕೇಳಿ ಸುಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರ ಸಪ್ಪೆ. ಅಂಗಡಿಯ ಪುಟಕ್ಕೆ ಒಂದು ಸಣ್ಣ ವಿಪಿಎಸ್, ಅಂದರೆ ದೊಡ್ಡ ಯಂತ್ರದೊಳಗೆ ನಿಮಗೆಂದೇ ಬಿಟ್ಟ ಒಂದು ಕೋಣೆ, ಸಾಕು. ಪಿಡಿಎಫನ್ನು ಅಲ್ಲಿ ಇಡುವುದೇ ಬೇಡ. ಅಮೆಜಾನ್ ಎಸ್3 ತರಹದ ಗೋದಾಮು 2006ರಿಂದಲೂ ತೆರೆದಿದೆ. ಅಲ್ಲಿಟ್ಟು, ದುಡ್ಡು ಕೊಟ್ಟವರಿಗೆ ಒಂದು ಗಂಟೆಯಲ್ಲಿ ಸಾಯುವ ಲಿಂಕ್ ಕೊಟ್ಟರಾಯಿತು. ಬ್ಯಾಕಪ್ ಇನ್ನೊಂದು ಊರಿನಲ್ಲಿರಲಿ. ಇದನ್ನು ಯೂಟ್ಯೂಬಿನ ಹೋಸ್ಟಿಂಗ್ ಪಂಡಿತರು ಯಾಕೆ ಹೇಳುವುದಿಲ್ಲ? ಅವರ ‘ಬೆಸ್ಟ್ ಹೋಸ್ಟಿಂಗ್’ ಪಟ್ಟಿಯಲ್ಲಿ ಮೊದಲ ಸ್ಥಾನ ಯಾರದು, ವಿಡಿಯೊ ಕೆಳಗಿನ ಲಿಂಕ್‌ಗೆ ದೊಡ್ಡ ಕಮಿಷನ್ ಯಾರದು ಎಂದು ಹೋಲಿಸಿ ನೋಡಿ. ಎಸ್3 ತಿಂಗಳ ಬಿಲ್ಲಿನ ಚಿಲ್ಲರೆಯಲ್ಲಿ ಯಾರ ಹೊಟ್ಟೆ ತುಂಬೀತು?

ಇಷ್ಟೆಲ್ಲ ಕೋಟೆ ಕಟ್ಟುವಷ್ಟರಲ್ಲಿ ಮೊದಲ ಗಿರಾಕಿ ನೋಟ್ಸನ್ನು ಟೆಲಿಗ್ರಾಂ ಗುಂಪಿಗೆ ಹಾಕಿ, ‘ಫ್ರೆಂಡ್ಸ್, ಯೂಸ್ ಆಗುತ್ತೆ’ ಎಂದಿದ್ದಾನೆ. ಅಲ್ಲಿ 508 ಇಲ್ಲ, ಚೆಕ್‌ಔಟ್ ಇಲ್ಲ, ಅಮೌಂಟ್ ಕಟ್ ಆಗುವ ಪ್ರಶ್ನೆಯೇ ಇಲ್ಲ. ಉದ್ಯಮಿಗೆ ಜ್ಞಾನೋದಯವಾಗಿದೆ. ಈಗ ಅವರೂ ಹೋಸ್ಟಿಂಗ್ ವಿಮರ್ಶಕರು. ಕದ್ದು ಹಂಚಿದಷ್ಟೂ ಮಾಲೀಕನಿಗೆ ಲಾಭ ತರುವ ಡಿಜಿಟಲ್ ಸರಕು ಭೂಮಿಯ ಮೇಲೆ ಒಂದೇ ಒಂದು, ಕಮಿಷನ್ ಲಿಂಕ್.