ಹಲ್ಲು ನೋಡಿ ಕೊಂಡ ಕಾರು

ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದರೆ ಪಿರಿಯಾಪಟ್ಟಣದ ಕಡೆಯ ನಮ್ಮ ನೆಂಟರಿಗೆ ನನ್ನ ನೆನಪಾಗುತ್ತದೆ. ಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ತುಸು ಹೆಚ್ಚೇ ಆಗುತ್ತದೆ. ಸೊಪ್ಪು ಹದಮಾಡುವ ಬ್ಯಾರನ್ನಿನ ಸಾಲ ತೀರಿ, ಗೊಬ್ಬರದಂಗಡಿಯ ಬಾಕಿ ಚುಕ್ತಾ ಆಗಿ, ಉಳಿದದ್ದರಲ್ಲಿ ಹೆಂಡತಿಗೆ ಓಲೆಯೋ ಮನೆಗೆ ಕಾರೋ ಎಂಬ ಚರ್ಚೆ ನಡೆದು, ಓಲೆ ಸೋತ ರಾತ್ರಿಯೇ ನನಗೆ ಫೋನು. ಈ ಸಲ ಮಾಡಿದವನು ಭಾವಮೈದ. "ಭಾವ, ಒಂದ್ ಗಾಡಿ ನೋಡಿವ್ನಿ. ಸೆಕೆಂಡ್ ಹ್ಯಾಂಡು, ಆದ್ರೆ ಕಂಡೀಷನ್ನಾಗದೆ. ನೀವೊಂದ್ಸಲ ಬಂದು ನೋಡ್ಬುಡಿ."

ನನ್ನ ಅರ್ಹತೆ ಏನೆಂದು ಕೇಳಬೇಡಿ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನಾಲ್ಕು ಸ್ಟ್ರೋಕಿನ ಎಂಜಿನ್ನನ್ನು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಸೀಮೆಸುಣ್ಣದ ಆ ಎಂಜಿನ್ ಒಂದು ದಿನವೂ ಹೊಗೆ ಕಾರಲಿಲ್ಲ, ಆಯಿಲ್ ಸೋರಲಿಲ್ಲ. ಉಳಿದಂತೆ ನನ್ನ ಬಂಡವಾಳವೆಲ್ಲ ಬಾನೆಟ್ ಎತ್ತಿಸಿ, ಕನ್ನಡಕ ಸರಿಮಾಡಿಕೊಂಡು, ಹುಬ್ಬು ಗಂಟಿಕ್ಕಿ "ಹೂಂ..." ಎನ್ನುವುದರಲ್ಲಿದೆ. ಈ 'ಹೂಂ' ಕೇಳಿ ಮಾರುವವನು ತಾನಾಗಿಯೇ ಎರಡು ಸಾವಿರ ಇಳಿಸಿದ್ದೂ ಉಂಟು. ಅಂದಿನಿಂದ ನೆಂಟರಿಷ್ಟರಲ್ಲಿ ನನ್ನ ಪಾಂಡಿತ್ಯ ಪ್ರಶ್ನಾತೀತ.

ನಿಜವಾದ ಪರೀಕ್ಷಕರೆಂದರೆ ನಮ್ಮ ಮಾವ. ಕಾರಿಗಲ್ಲ, ಎತ್ತಿಗೆ. ಸಂಕ್ರಾಂತಿ ಹೊತ್ತಿಗೆ ಕೆ.ಆರ್.ನಗರದಾಚೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ಲ, ಅಲ್ಲಿಗೆ ಅವರು ಹೋದರೆಂದರೆ ದಲ್ಲಾಳಿಗಳು ದನಿ ತಗ್ಗಿಸುತ್ತಿದ್ದರು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡಬೇಕು. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ? ಮಾರುವವನು ಹೇಳುವ ವಯಸ್ಸು ಅವನ ಅನುಕೂಲದ್ದು, ಹಲ್ಲು ಹೇಳುವುದು ಎತ್ತಿನದು. ಆಮೇಲೆ ಸುಳಿ, ಗೊರಸು, ನಡಿಗೆ. ಕಡೆಗೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ. ಈ ಸೀಮೆಗೆ ಅದೇನೂ ಹೊಸ ವಿದ್ಯೆಯಲ್ಲ. ಮೈಸೂರಿನ ದಂಡಿಗೆ ತೋಪು ಎಳೆದ ಅಮೃತಮಹಲ್ ಎತ್ತುಗಳ ಇಲಾಖೆಯನ್ನು ಮುಂದೆ ಈಸ್ಟ್ ಇಂಡಿಯಾ ಕಂಪನಿಯವರು ನಡೆಸಿದ್ದು ಹುಣಸೂರಿನಿಂದಲೇ. ಈಗ ಅದೇ ಹುಣಸೂರಿನಲ್ಲಿ ಆರ್‌ಟಿಒ ಕಚೇರಿ ಇದೆ, ಕೆಎ-45. ಮಾವನವರು ಇದ್ದಿದ್ದರೆ ಕಾರಿಗೂ ಬಾಯಿ ಬಿಡಿಸುತ್ತಿದ್ದರು.

ಬಾಯಿ ಬಿಡಿಸಲು ಬರುತ್ತದೆ ಎಂದು ನನಗೆ ತೋರಿಸಿಕೊಟ್ಟವರು ಹುಣಸೂರಿನ ಕಲ್ಕುಣಿಕೆ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್. ನನ್ನ 'ಹೂಂ'ನ ಬೆಲೆ ನನಗೆ ಗೊತ್ತಿದ್ದುದರಿಂದ ಅವರನ್ನೂ ಕರೆದುಕೊಂಡು ಹೋಗಿದ್ದೆ. ಕಾರು ಬೆಳ್ಳಿ ಬಣ್ಣದ್ದು, 2010ನೇ ಇಸವಿಯದು. ತೊಳೆದು ಪಾಲಿಷ್ ಹೊಡೆದು, ಒಳಗೆ ಮಲ್ಲಿಗೆ ವಾಸನೆಯ ಅದೇನನ್ನೋ ತೂಗಿಹಾಕಿದ್ದರು. "ಡಾಕ್ಟ್ರು ಓಡುಸ್ತಿದ್ ಗಾಡಿ ಸಾ, ಸಿಂಗಲ್ ಹ್ಯಾಂಡು" ಎಂದ ಬ್ರೋಕರ್. ಹಳೇ ಕಾರುಗಳೆಲ್ಲ ಡಾಕ್ಟರದ್ದೇ ಯಾಕಿರುತ್ತವೋ! ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಕೆ.ಆರ್.ನಗರದಲ್ಲಿ ಬ್ರೋಕರುಗಳು ಹೇಳುವಷ್ಟು ಡಾಕ್ಟರುಗಳಿದ್ದಿದ್ದರೆ ನಾವು ಮೂಳೆ ನೋವಿಗೆಲ್ಲ ಮೈಸೂರಿನ ಬಸ್ಸು ಹತ್ತಬೇಕಿರಲಿಲ್ಲ.

ನಾನು ಬಣ್ಣ ಮುಟ್ಟಿ ನೋಡುತ್ತಿದ್ದೆ. ಮೆಕ್ಯಾನಿಕ್ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಮೇಷ್ಟ್ರೇ, ತೊಳ್ದಿರೋ ಜಾಗ ಏನ್ ನೋಡ್ತೀರಾ? ತೊಳೀದೆ ಇರೋ ಜಾಗ ನೋಡಿ."

ಅಲ್ಲಿಂದ ಮುಂದೆ ಅವರು ಮೇಷ್ಟ್ರು, ನಾನು ಹಿಂದಿನ ಬೆಂಚು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲೆರಡು ವಾರ, ಆಮೇಲಿನೆರಡು ವರ್ಷ. "ಹೋದ ವರ್ಷ ಹಾಕ್ಸಿದ್ದು" ಎಂದು ಬ್ರೋಕರ್ ಹೇಳಿದ ಟೈರಿನ ಮೇಲೆ 3216 ಎಂದಿತ್ತು, ಅಂದರೆ 2016ರ ಮೂವತ್ತೆರಡನೇ ವಾರ. ಇದು ಮೊದಲನೇ ಹಲ್ಲು. ಕಿಟಕಿಯ ಗಾಜುಗಳ ಮೂಲೆಯಲ್ಲೂ ತಯಾರಾದ ವರ್ಷದ ಗುರುತಿರುತ್ತದೆ. ಎಲ್ಲವೂ ಒಂದು ಹೇಳಿ ಎಡಗಡೆಯದೊಂದೇ ಬೇರೆ ಹೇಳಿದರೆ, ಆ ಕಡೆ ಏನೋ ನಡೆದಿದೆ. ಮೀಟರಿನಲ್ಲಿ ನಲವತ್ತೆಂಟು ಸಾವಿರ ಕಿಲೋಮೀಟರು. ಕ್ಲಚ್ ಪೆಡಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಕಾಣುತ್ತಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸುವವರಿಗೆ ಪೆಡಲು ಬದಲಿಸುವುದು ನೆನಪಾಗುವುದಿಲ್ಲ. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು, ಮೇಲೊಂದು ತೆಳು ಬಟ್ಟೆ ಸುತ್ತಿ, ಬಾಗಿಲಿನುದ್ದಕ್ಕೂ ಆಡಿಸಿದರು. ಒಂದು ಕಡೆ ಹಿಡಿಯಲೇ ಇಲ್ಲ. ಅಲ್ಲಿ ತಗಡಿನ ಮೇಲೆ ಪಟ್ಟಿ ಮೆತ್ತಿದ್ದರು.

ನಮ್ಮ ಕಡೆಯ ಕಾರುಗಳಿಗೆ ಇನ್ನೂ ಎರಡು ಪರೀಕ್ಷೆ ಬೇಕಂತೆ. ಒಂದು, ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡುವುದು. ಕಾರು ಕೊಂಡ ರೈತ ಯೂರಿಯಾ ಚೀಲಕ್ಕೆ ಬೇರೆ ಗಾಡಿ ಹುಡುಕುವುದಿಲ್ಲ; ಚೆಲ್ಲಿದ ಗೊಬ್ಬರಕ್ಕೆ ತೇವ ತಾಕಿತೋ ತಗಡು ತುಕ್ಕು ಹಿಡಿದು ಪುಡಿಯಾಗುತ್ತದೆ. ಎರಡನೆಯದು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುವುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ ಕೇರಳದಲ್ಲೂ ಮಳೆ ಏನು ಮಾಡಿತೆಂದು ಗೊತ್ತಲ್ಲ. ಮುಳುಗಿದ ಕಾರನ್ನು ಎಷ್ಟು ತೊಳೆದರೂ ಬೆಲ್ಟಿನ ಸುರುಳಿಯ ಒಳತುದಿಯಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ ಕೆಸರು ಉಳಿದಿರುತ್ತದೆ. ಹಾಗಿದ್ದರೆ ವೈರಿಂಗ್ ಯಾವತ್ತು ಕೈಕೊಡುತ್ತದೋ ಹೇಳಲಾಗದು. ಈ ಕಾರಿನ ಬೆಲ್ಟು ಸ್ವಚ್ಛವಾಗಿತ್ತು. ಬ್ರೋಕರ್ ಮೊದಲ ಬಾರಿಗೆ ಉಸಿರು ಬಿಟ್ಟ.

ಇಷ್ಟರಲ್ಲಿ ನನಗೂ ಏನಾದರೂ ಮಾಡಬೇಕೆನಿಸಿತು. ಆಯಿಲ್ ಸೋರುತ್ತಿದೆಯೋ ನೋಡೋಣವೆಂದು ನೆಲಕ್ಕೊರಗಿ ಕಾರಿನ ಕೆಳಗೆ ತಲೆ ಹಾಕಿದೆ. ಹೋದದ್ದು ಸುಲಭವಾಗಿ, ಬಂದದ್ದು ಭಾವಮೈದ ಮತ್ತು ಬ್ರೋಕರ್ ಒಂದೊಂದು ಕಾಲು ಹಿಡಿದು ಎಳೆದಾಗ. ಸೋರುವಿಕೆ ಇದ್ದದ್ದು ಖಚಿತವಾಯಿತು. ಬಿಳಿ ಪಂಚೆಯೇ ಸಾಕ್ಷಿ.

ಎಂಜಿನ್ ನೋಡುವುದಕ್ಕೆ ಮೆಕ್ಯಾನಿಕ್ ಮತ್ತೊಂದು ದಿನ, ಬೆಳಕು ಹರಿಯುತ್ತಲೇ, ಹೇಳದೆ ಬಂದರು. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿದ್ದರೆ ನಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ಎಂಜಿನ್ನಿನ ಕಷ್ಟಸುಖ ಗೊತ್ತಾಗುವುದು ತಣ್ಣಗಿರುವಾಗ ಸೆಲ್ಫ್ ಹೊಡೆದರೆ ಮಾತ್ರ. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಬೆಳ್ಳಗೆ ನೊರೆ ಕಟ್ಟಿದ್ದರೂ ಅದೇ ಅನುಮಾನ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟರು. ಎಂಜಿನ್ ತಟ್ಟನೆ ಆಫಾಯಿತು. ನಾನು ಅಯ್ಯೋ ಎಂದೆ. ಅವರು ನಕ್ಕರು. ಆಫಾಗದೆ ಓಡುತ್ತಲೇ ಇದ್ದರೆ ಅಳಬೇಕಂತೆ, ಕ್ಲಚ್ ಪ್ಲೇಟ್ ಸವೆದಿದೆ ಎಂದು.

ಇಷ್ಟೆಲ್ಲ ಯಾಕೆ ಎಂದು ಪೇಟೆಯವರು ಕೇಳಬಹುದು. ಅವರ ಕಾರು ನಿಂತರೆ ಹಿಂದಿನವರು ಹಾರ್ನ್ ಹೊಡೆದು ಬೈದಾರು, ಅಷ್ಟೆ. ಎಚ್.ಡಿ.ಕೋಟೆಯಿಂದ ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ಕಾಡುದಾರಿಯನ್ನು ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುತ್ತಾರೆ. ಅಲ್ಲಿ ಐದೂವರೆಗೆ ಗಾಡಿ ನಿಂತರೆ ವಿಚಾರಿಸಿಕೊಳ್ಳಲು ಬರುವುದು ಆನೆ.

ಇನ್ನು ಕಾಗದಪತ್ರ. ನಮ್ಮವರು ಮದುವೆ ಜಾತಕವನ್ನು ಮೂರು ಕಡೆ ತೋರಿಸುತ್ತಾರೆ, ಆರ್‌ಸಿಯನ್ನು ಮಡಚಿ ಜೇಬಿಗಿಡುತ್ತಾರೆ. ಬ್ಯಾಂಕಿನ ಸಾಲದ ನಮೂದು (ಎಚ್‌ಪಿ) ತೆಗೆಸಿದ್ದಾರಾ, ವಿಮೆ ಚಾಲ್ತಿಯಲ್ಲಿದೆಯಾ, ದಂಡ ಬಾಕಿ ಇದೆಯಾ, ಎಲ್ಲ ನೋಡಬೇಕು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಮುಂದೆ ಐದೈದು ವರ್ಷಕ್ಕೆ ನವೀಕರಣ. ಮೊದಲು 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಆರ್‌ಟಿಒಗೆ ಕೊಡದೆ ಬೀರುವಿನಲ್ಲಿಡುವ ಅಭ್ಯಾಸವೂ ನಮ್ಮಲ್ಲಿದೆ. ಮಾರಿದವನು ಅದಕ್ಕೆ ಒಪ್ಪಲೇಬಾರದು. ಕಾರು ಕೈಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿದ್ದವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಟ್ಟಿದೆ.

ಟೈರು, ಪೆಡಲು, ಪಟ್ಟಿ, ನನ್ನ ಪಂಚೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಮೆಕ್ಯಾನಿಕ್ ಕೇಳಿದ ಬೆಲೆಗೆ ಬ್ರೋಕರ್ ಮೂರು ಸಲ ಎದ್ದು ಹೋಗಿ ಮೂರು ಸಲವೂ ವಾಪಸ್ಸು ಬಂದ. ಎಂಜಿನ್ ಗಟ್ಟಿ, ಗೇರು ಗಟ್ಟಿ, ಮೈಮೇಲಿನದು ಸುಳ್ಳು, ತಗೊಳ್ಳಬಹುದು ಎಂಬ ತೀರ್ಪಾಯಿತು. ಕಡೆಯಲ್ಲಿ ನಾನು "ಹೂಂ" ಎಂದೆ. ಭಾವಮೈದ ಆಮೇಲೇ ದುಡ್ಡು ಎಣಿಸಿದ್ದು.

ಮನೆಯಂಗಳದಲ್ಲಿ ಅತ್ತೆ ಕಾರಿಗೊಂದು ಸುತ್ತು ಬಂದರು. ಟೈರನ್ನೂ ಕೇಳಲಿಲ್ಲ, ಕ್ಲಚ್ಚನ್ನೂ ಕೇಳಲಿಲ್ಲ. "ಎಷ್ಟು ಜನ ಹಿಡೀತಾರಪ್ಪ ಇದ್ರಲ್ಲಿ?" ಎಂದರು. ಐದು ಎಂದ ಮಗ. ಆ ಭಾನುವಾರ ಒಂಬತ್ತು ಜನ ಬೆಟ್ಟದಪುರಕ್ಕೆ ಹೊರಟರು.