ಶಬ್ದನಿಗ್ರಹಿ ಗೃಹಸ್ಥ

ಬೆಂಗಳೂರಿನ ಜಯನಗರ, ಬನಶಂಕರಿ, ರಾಜಾಜಿನಗರಗಳಂಥ ಹಳೆಯ ಬಡಾವಣೆಗಳಲ್ಲಿ, ತಂದೆ ಕಟ್ಟಿಸಿಟ್ಟ ಮನೆಯ ಕಾರ್ ಶೆಡ್ಡನ್ನು ರಾಕ್ ಬ್ಯಾಂಡಿನ ತಾಲೀಮಿನ ಕೋಣೆಯಾಗಿ, ಅದೂ ಅತಿ ಕಡಿಮೆ ಖರ್ಚಿನಲ್ಲಿ, ಮಾರ್ಪಡಿಸಲು ಹೊರಡುವ ಗೃಹಸ್ಥರ ಒಂದು ಪಂಗಡವಿದ್ದು, ಇಂದ್ರಿಯನಿಗ್ರಹದ ಗೋಜಿಗೆ ಹೋಗದೆ ಶಬ್ದನಿಗ್ರಹಕ್ಕಷ್ಟೇ ಕಂಕಣ ಕಟ್ಟಿರುವ ಈ ಪಂಗಡದವನನ್ನು ಶಬ್ದನಿಗ್ರಹಿ ಎಂದು ಕರೆಯುವುದು ಯುಕ್ತ. ಈತನ ವಯಸ್ಸು ನಲವತ್ತರ ಆಸುಪಾಸು, ವೃತ್ತಿ ಸಾಫ್ಟ್‌ವೇರ್. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ನುಡಿಸಿದಾಗ ಈತ ಎಂಜಿನಿಯರಿಂಗ್ ವಿದ್ಯಾರ್ಥಿ; 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗ ಕೈತುಂಬ ಸಂಬಳವಿದ್ದ ಬ್ರಹ್ಮಚಾರಿ; ಆಮೇಲೆ ಮದುವೆ, ಗೃಹಸಾಲ, ಮಗುವಿನ ಶಾಲೆಯ ಫೀಸು ಒಂದರ ಹಿಂದೊಂದು ಬಂದು ಗಿಟಾರು ಅಟ್ಟ ಸೇರಿತು. ಅದು ಕೆಳಗಿಳಿಯುವುದು ಹಳೆಯ ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಡ್ರಮ್ಮರ್ ಊರಿಗೆ ಮರಳಿದ ಸುದ್ದಿ ಬಂದ ದಿನ. ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಜ್ಯಾಮ್ ರೂಮಿನಲ್ಲಿ, ಎಂದರೆ ಬ್ಯಾಂಡುಗಳ ತಾಲೀಮಿಗೆಂದೇ ಸಜ್ಜುಗೊಳಿಸಿದ ಕೋಣೆಯಲ್ಲಿ, ನುಡಿಸುವುದಕ್ಕಿಂತ ಶೆಡ್ಡನ್ನೇ ಸಜ್ಜುಗೊಳಿಸುವುದು ಅಗ್ಗವೆಂದು ಈತ ಎಕ್ಸೆಲ್ ಹಾಳೆಯಲ್ಲಿ ಸಾಧಿಸಿ ತೋರಿಸುತ್ತಾನೆ. ಆ ಹಾಳೆಯಲ್ಲಿ ಶೆಡ್ಡಿನಲ್ಲಿರುವ ಕಾರಿಗೆ ಕಾಲಂ ಇರುವುದಿಲ್ಲ.

ಈತನ ಶಾಸ್ತ್ರಜ್ಞಾನಕ್ಕೆ ಮೂಲಾಧಾರ ಮೊಟ್ಟೆಯ ಟ್ರೇ. ಮೂವತ್ತು ಮೊಟ್ಟೆ ಹಿಡಿಯುವ, ಹೆಚ್ಚುಕಡಿಮೆ ಒಂದು ಚದರಡಿಯ ಈ ರಟ್ಟಿನ ಹಲಗೆ ಶಬ್ದವನ್ನು ನುಂಗಿಬಿಡುತ್ತದೆಂಬ ನಂಬಿಕೆ ದೇಶಕಾಲಗಳನ್ನು ಮೀರಿದ್ದು, ಹತ್ತಡಿ ಅಗಲ, ಹದಿನೆಂಟಡಿ ಉದ್ದದ ಶೆಡ್ಡಿನ ಮೂರು ಗೋಡೆ ಮತ್ತು ತಾರಸಿಯ ಒಳಮೈಯನ್ನು ಮುಚ್ಚಲು ಐನೂರಕ್ಕೂ ಮಿಕ್ಕಿ ಟ್ರೇಗಳು ಬೇಕಾಗುತ್ತವೆ. ಶಬ್ದನಿಗ್ರಹಿಯ ಮನೆ ಬಹುಪಾಲು ಈರುಳ್ಳಿಗೂ ಏಕಾದಶಿಯಂದು ಪ್ರವೇಶವಿಲ್ಲದಂಥದ್ದಾದ್ದರಿಂದ, ಈ ಟ್ರೇಗಳನ್ನು ಹೊತ್ತ ಲಗೇಜ್ ಆಟೋ ಹಗಲು ಹೊತ್ತಿನಲ್ಲೇ ಗೇಟಿನ ಮುಂದೆ ನಿಂತಾಗ ತಾಯಿ ದೇವರ ಕೋಣೆಯ ಬಾಗಿಲು ಮುಂದೆಳೆದುಕೊಳ್ಳುತ್ತಾರೆ, ಎದುರುಮನೆಯವರು ಹದಿನೈದು ಸಾವಿರ ಮೊಟ್ಟೆಯ ಲೆಕ್ಕ ಹಾಕಿ, "ಏನಪ್ಪಾ, ಕೋಳಿ ಫಾರ್ಮ್ ಏನಾದ್ರೂ ಶುರು ಮಾಡಿದ್ಯಾ?" ಎಂದು ವಿಚಾರಿಸುತ್ತಾರೆ. ಫೆವಿಕಾಲ್ ಬಳಿದು ಟ್ರೇ ಅಂಟಿಸಿದ ಮೇಲೆ ಉಳಿದ ಜಾಗಕ್ಕೆ ಹಾಸಿಗೆ ಅಂಗಡಿಯ ತುಂಡು ಫೋಮು, ನಾರಿನ ಚಾಪೆ ಮತ್ತು ಅಜ್ಜಿ ಹೊಲಿದ ಕೌದಿ ಬರುತ್ತವೆ. ಇವಿಷ್ಟೂ ಬೆಂಕಿ ಹೊತ್ತಿಕೊಳ್ಳುವುದರಲ್ಲಿ ಒಂದಕ್ಕಿಂತ ಒಂದು ಮುಂದು ಎಂಬುದನ್ನು, ಬಿಸಿಯಾಗುವ ಆಂಪ್ಲಿಫೈಯರ್ ಪಕ್ಕದಲ್ಲೇ ಇದ್ದರೂ, ಯಾರೂ ಪ್ರಸ್ತಾಪಿಸುವುದಿಲ್ಲ.

ಇಷ್ಟಾದ ಮೇಲೆ ಶಬ್ದನಿಗ್ರಹಿ ಶೆಡ್ಡಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಪ್ರತಿಧ್ವನಿ ತಗ್ಗಿದ್ದನ್ನು ಕೇಳಿ ಕೃತಾರ್ಥನಾಗುತ್ತಾನೆ. ದೋಷವಿರುವುದು ಇಲ್ಲಿಯೇ. ಶಬ್ದವನ್ನು ಹೀರುವುದು ಬೇರೆ, ತಡೆಯುವುದು ಬೇರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬೈನ್ 1895ರಲ್ಲಿ ಮಾತು ಗೋಜಲಾಗಿ ಕೇಳುತ್ತಿದ್ದ ಉಪನ್ಯಾಸ ಭವನವೊಂದಕ್ಕೆ ಪಕ್ಕದ ರಂಗಮಂದಿರದ ಕುರ್ಚಿದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ದಿಂಬು ಹೆಚ್ಚಿದಂತೆ ಅನುರಣನ, ಎಂದರೆ ಮೂಲ ನಿಂತ ಮೇಲೂ ಕೋಣೆಯಲ್ಲಿ ಸುಳಿಯುವ ದನಿ, ಎಷ್ಟು ಬೇಗ ಅಡಗುತ್ತದೆಂದು ಅಳೆದದ್ದು ಒಳಗಿದ್ದವರಿಗೆ ಮಾತು ಸ್ಪಷ್ಟವಾಗಲೆಂದೇ ಹೊರತು ಹೊರಗಿದ್ದವರ ನಿದ್ದೆ ಕಾಯಲೆಂದಲ್ಲ. ಕೌದಿಯ ಉಪಕಾರವೂ ಇಷ್ಟೇ: ಶೆಡ್ಡಿನೊಳಗೆ ಗಿಟಾರು ಮೊದಲಿಗಿಂತ ಇಂಪಾಗಿ ಕೇಳುತ್ತದೆ, ಪಕ್ಕದ ಮನೆಗೆ ಮೊದಲಿನಷ್ಟೇ ಜೋರಾಗಿ ಕೇಳುತ್ತದೆ. ರಟ್ಟಿನ ಟ್ರೇಯಂತೂ ಕೌದಿಯಷ್ಟೂ ಉಪಕಾರಿಯಲ್ಲ.

ತಡೆಯಲು ಬೇಕಾದದ್ದು ತೂಕ ಮತ್ತು ಬಿಗಿ. ಗೋಡೆಯ ತೂಕ ಇಮ್ಮಡಿಯಾದರೂ ದನಿ ಇಳಿಯುವುದು ಸುಮಾರು 6 ಡೆಸಿಬಲ್. ಡೆಸಿಬಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಶಬ್ದಶಕ್ತಿ ಹತ್ತು ಪಟ್ಟಾಗುತ್ತದೆ. ಡ್ರಮ್ ಸೆಟ್ಟು ಸಲೀಸಾಗಿ 100 ಡೆಸಿಬಲ್ ಮೀರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಕೊಟ್ಟಿರುವ ಮಿತಿಯಾದರೋ ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ನೂರನ್ನು ಐವತ್ತೈದಕ್ಕೆ ಇಳಿಸುವುದೆಂದರೆ ಆ ಶಕ್ತಿಯಲ್ಲಿ 32,000ಕ್ಕೆ ಒಂದು ಪಾಲನ್ನಷ್ಟೇ ಹೊರಗೆ ಬಿಡುವುದು ಎಂದರ್ಥ. ಪ್ಲಾಸ್ಟರ್ ಮಾಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಈ ಕೆಲಸವನ್ನು ಯಾವ ಟ್ರೇಯ ನೆರವೂ ಇಲ್ಲದೆ ಬಹುಮಟ್ಟಿಗೆ ಮಾಡಿ ಮುಗಿಸಿರುತ್ತದೆ. ಕೆಡಿಸುವುದು ರೋಲಿಂಗ್ ಶಟರು. ಹತ್ತಡಿ ಅಗಲ, ಎಂಟಡಿ ಎತ್ತರದ ಶಟರಿನ ಕೆಳಗೆ ಒಂದೇ ಅಂಗುಲ ಸಂದಿ ಉಳಿದರೂ ಅದು ಶಟರಿನ ವಿಸ್ತೀರ್ಣದ ನೂರಕ್ಕೆ ಒಂದು ಪಾಲಾಗುತ್ತದೆ. ನೂರಕ್ಕೆ ಒಂದು ಪಾಲು ಶಕ್ತಿ ಹೊರಬಿದ್ದರೆ, ಶಟರಿನ ಮಿಕ್ಕ ಭಾಗ ಉಕ್ಕಿನ ಕೋಟೆಯೇ ಆಗಿದ್ದರೂ, ತಗ್ಗುವುದು 20 ಡೆಸಿಬಲ್ ಮಾತ್ರ. ಶಟರಿನ ಒಳಗಡೆ, ಅದಕ್ಕೆ ತಾಕದಂತೆ ಬೇರೆ ಚೌಕಟ್ಟು ನಿಲ್ಲಿಸಿ, ಎರಡು ಪದರ ಜಿಪ್ಸಂ ಬೋರ್ಡು ಹೊಡೆದು, ನಡುವೆ ರಾಕ್‌ವೂಲ್ ಎಂಬ ಕಲ್ಲುಣ್ಣೆ ತುಂಬಿ, ಭಾರದ ಬಾಗಿಲಿಗೆ ರಬ್ಬರ್ ಪಟ್ಟಿ ಬಿಗಿಯುವುದು ಪರಿಹಾರವೆಂದು ತಿಳಿದವರು ಹೇಳಿದರೆ ಈತ ಒಪ್ಪುವುದಿಲ್ಲ, ಏಕೆಂದರೆ ರಬ್ಬರ್ ಪಟ್ಟಿ ಫೋಟೊದಲ್ಲಿ ಕಾಣುವುದಿಲ್ಲ. ಟ್ರೇ ಕಾಣುತ್ತದೆ, ಕೆಳಗಿಂದ ನೀಲಿ ದೀಪ ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಬೇಸ್ ಗಿಟಾರಿನದು ಪ್ರತ್ಯೇಕ ಅಧ್ಯಾಯ. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತಿದ್ದು, ಆ ದನಿಯ ಒಂದು ಅಲೆ ಎಂಟು ಮೀಟರಿಗೂ ಉದ್ದ, ಅಂದರೆ ಶೆಡ್ಡಿಗಿಂತಲೂ ಉದ್ದವಾದ್ದರಿಂದ, ಎರಡಿಂಚಿನ ಫೋಮು ಅದರ ಲೆಕ್ಕಕ್ಕೇ ಬರುವುದಿಲ್ಲ. ಮಹಡಿಯ ಮೇಲಿನ ಬಾಡಿಗೆದಾರರ ಸ್ಟೀಲ್ ಡಬ್ಬಿಗಳು ಶೆಲ್ಫಿನಲ್ಲಿ ತಾಳ ಹಾಕತೊಡಗಿ, ಬಾಡಿಗೆ ಏರಿಸುವ ಮಾತು ಆ ವರ್ಷ ತಾನಾಗಿಯೇ ಬಿದ್ದುಹೋಗುತ್ತದೆ.

ಇನ್ನು ಸೆಕೆ. ಸುಮ್ಮನೆ ಕುಳಿತ ಮನುಷ್ಯನೂ ಸುಮಾರು 100 ವಾಟ್ ಶಾಖ ಹೊಮ್ಮಿಸುತ್ತಿರುವಾಗ, ಕಿಟಕಿಗೆ ಕೌದಿ ಹೊಡೆದ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಾಲ್ವರು ಮೆಟಾಲಿಕಾ ನುಡಿಸಿದರೆ ಆಗುವುದೇನೆಂದು ವಿವರಿಸಬೇಕಿಲ್ಲ. ಮೂರನೆಯ ಹಾಡಿಗೆ ಡ್ರಮ್ಮರ್ ಅಂಗಿ ಕಳಚುತ್ತಾನೆ. ನಾಲ್ಕನೆಯದಕ್ಕೆ ಶಟರನ್ನು "ಒಂದೇ ಒಂದು ಗೇಣು" ಮೇಲೆತ್ತಲಾಗುತ್ತದೆ.

ಆದರೂ ಬೀದಿ ತಾಳಿಕೊಳ್ಳುತ್ತದೆ. ಗಣೇಶನ ಪೆಂಡಾಲು, ಬೋರ್‌ವೆಲ್ ಲಾರಿ, ಕಲ್ಯಾಣಮಂಟಪದ ಆರ್ಕೆಸ್ಟ್ರಾಗಳನ್ನು ಅರಗಿಸಿಕೊಂಡ ಕಿವಿಗಳಿಗೆ ಭಾನುವಾರದ ಎರಡು ಗಂಟೆ ದೊಡ್ಡದಲ್ಲ, ಅದೂ ಶಬ್ದನಿಗ್ರಹಿಯ ಹೆಂಡತಿ ಹಬ್ಬಹಬ್ಬಕ್ಕೂ ಎರಡೂ ಕಡೆಯ ಮನೆಗಳಿಗೆ ಒಬ್ಬಟ್ಟು ಕಳಿಸುತ್ತಿರುವಾಗ. ದೂರು ಬರುವುದು ಬೇರೆ ದಿಕ್ಕಿನಿಂದ. ಶೆಡ್ಡಿನಿಂದ ಹೊರದಬ್ಬಿಸಿಕೊಂಡ ಕಾರು ರಸ್ತೆಯಲ್ಲಿ ಜಾಗ ಸಿಗದೆ ಪಕ್ಕದ ಮನೆಯ ಗೇಟಿಗೆ ಅಡ್ಡಲಾಗಿ ನಿಂತಿರುತ್ತದೆ, ಮೊಮ್ಮಗಳ ನಾಮಕರಣಕ್ಕೆ ಹೊರಟ ಆ ಮನೆಯ ಹಿರಿಯರು, "ನಿಮ್ಮ ಸಂಗೀತ ಹಾಳಾಗ್ಲಿ, ಮೊದ್ಲು ಕಾರ್ ತೆಗೀರಿ ಸ್ವಾಮಿ!" ಎಂದು ಕೂಗಿ, ಶಟರು ಬಡಿದು, ಹತ್ತು ನಿಮಿಷ ಹಾರ್ನ್ ಒತ್ತಿದರೂ ಒಳಗಿನವರಿಗೆ ಕೇಳಿಸಿರುವುದಿಲ್ಲ. ಟ್ರೇಗಳ ಸಾಮರ್ಥ್ಯವನ್ನು ಯಾರಾದರೂ ಪ್ರಶ್ನಿಸಿದಾಗ ಶಬ್ದನಿಗ್ರಹಿ ಇಂದಿಗೂ ಮುಂದಿಡುವ ಸಾಕ್ಷ್ಯ ಇದೊಂದೇ.